ವಿದೇಶದ ಆಸ್ಪತ್ರೆ ಬಿಲ್: ಕಟ್ಟಿದ ದುಡ್ಡು ವಾಪಸ್ ಬರಬೇಕಾದರೆ

ಮಗಳ ಬಾಣಂತನಕ್ಕೆಂದು ಅಮೆರಿಕಕ್ಕೆ ಹೊರಟವರು ಚಟ್ನಿಪುಡಿ, ಹುರಿಹಿಟ್ಟು ಮರೆಯುವುದಿಲ್ಲ. ಟ್ರಾವೆಲ್ ಇನ್ಶೂರೆನ್ಸ್ ಪಾಲಿಸಿಯನ್ನು ಮಾತ್ರ ತೆರೆದೂ ನೋಡಿರುವುದಿಲ್ಲ. ಊರಿಗೆ ಬಂದಮೇಲೆ ನೋಡಿಕೊಂಡರಾಯಿತು ಅನ್ನುವವರ ಕ್ಲೇಮ್ ಅರ್ಧ ಅಲ್ಲೇ ಬಿದ್ದುಹೋಗಿರುತ್ತದೆ.

1. ಬಿಪಿ, ಶುಗರ್ ಮುಚ್ಚಿಡಬೇಡಿ. ವಿಮೆಯ ಫಾರ್ಮಿನಲ್ಲಿ ಬಚ್ಚಿಟ್ಟ ಸ್ಟೆಂಟ್ ವಿಷಯವನ್ನು ಎದೆನೋವು ಬಂದಾಗ ಡಾಕ್ಟರಿಗೆ ಹೇಳಲೇಬೇಕಾಗುತ್ತದೆ. ಅವರು ಬರೆದುಕೊಂಡ ಆ ಒಂದು ಸಾಲು ಸಾಕು, ಕ್ಲೇಮ್ ತಿರಸ್ಕರಿಸಲು. ಹೇಳಿದ್ದರೂ ಹಳೆಯ ಕಾಯಿಲೆಗೆ ಬಹಳಷ್ಟು ಪಾಲಿಸಿಗಳು ಕೊಡುವುದು ಪ್ರಾಣಾಪಾಯ ಇದ್ದಾಗ ಮಾತ್ರ, ಅದೂ ಮಿತಿಯೊಳಗೆ.

2. ಮೊತ್ತ ನೋಡಿ ಕೊಳ್ಳಿ. ಷೆಂಗೆನ್ ವೀಸಾಕ್ಕೆ ಕನಿಷ್ಠ 30,000 ಯೂರೋ ವಿಮೆ ಕಡ್ಡಾಯ. ಅಮೆರಿಕದಲ್ಲಿ ಅಷ್ಟನ್ನೇ ನೆಚ್ಚಿಕೊಳ್ಳಬೇಡಿ. ಡಿಡಕ್ಟಿಬಲ್, ಅಂದರೆ ಮೊದಲು ನಾವೇ ಭರಿಸಬೇಕಾದ ಮೊತ್ತ, 100 ಡಾಲರ್ ಇದ್ದು ಬಿಲ್ 90 ಆದರೆ ಬರುವುದು ಸೊನ್ನೆ.

3. ಮೊದಲ ಕೆಲಸ, ಫೋನ್. ಪಾಲಿಸಿಯಲ್ಲಿ ದಿನದ 24 ಗಂಟೆಯ ಸಹಾಯವಾಣಿ ಇರುತ್ತದೆ. ತುರ್ತು ಇದ್ದರೆ ಆಸ್ಪತ್ರೆಗೆ ಓಡಿ, ಫೋನನ್ನು ಅಳಿಯ ಮಾಡಲಿ. ಸಹಾಯವಾಣಿಯವರು ಕೊಡುವ ರೆಫರೆನ್ಸ್ ನಂಬರ್ ಬರೆದಿಟ್ಟುಕೊಳ್ಳಿ. ದುಡ್ಡು ಕೇಳುತ್ತಾರೆಂದು ಆಸ್ಪತ್ರೆಯ ಬಾಗಿಲಲ್ಲೇ ಹಿಂಜರಿಯಬೇಡಿ. ಅಮೆರಿಕದ 1986ರ ಕಾನೂನಿನಂತೆ ಎಮರ್ಜೆನ್ಸಿ ವಿಭಾಗ ಇರುವ ಬಹುತೇಕ ಆಸ್ಪತ್ರೆಗಳು ಹಣ ಇದ್ದರೂ ಇಲ್ಲದಿದ್ದರೂ ತಪಾಸಣೆ ಮಾಡಿ ಅಪಾಯದಿಂದ ಪಾರುಮಾಡಲೇಬೇಕು. ಬಿಲ್ ಆಮೇಲೆ ಬಂದೇ ಬರುತ್ತದೆ, ಆ ಮಾತು ಬೇರೆ.

4. ಕಾಗದ, ಕಾಗದ, ಕಾಗದ. ಕಾರ್ಡ್ ಉಜ್ಜಿದ ಚೀಟಿ ಬಿಲ್ ಅಲ್ಲ. ‘ಒಟ್ಟು ಬಾಕಿ ಇಷ್ಟು’ ಎಂದು ಒಂದೇ ಸಾಲು ಇರುವ ಹಾಳೆಯೂ ಸಾಲದು. ರಕ್ತಪರೀಕ್ಷೆಗೆ ಎಷ್ಟು, ಸ್ಕ್ಯಾನಿಗೆ ಎಷ್ಟು ಎಂದು ಬಿಡಿಬಿಡಿಯಾಗಿ ತೋರಿಸುವ ‘ಐಟಮೈಸ್ಡ್ ಬಿಲ್’ ಕೇಳಿ ಪಡೆಯಿರಿ. ಜೊತೆಗೆ ಕಾಯಿಲೆ ಏನು, ಯಾವಾಗಿನಿಂದ ಎಂದು ಡಾಕ್ಟರ್ ಬರೆದ ವರದಿ, ಔಷಧದ ಚೀಟಿ, ರಸೀದಿ. ಅಮೆರಿಕದಲ್ಲಿ ಆಸ್ಪತ್ರೆಯದೊಂದು, ಡಾಕ್ಟರದೊಂದು, ಆಂಬ್ಯುಲೆನ್ಸಿನದೊಂದು ಬಿಲ್ ವಾರಗಟ್ಟಲೆ ಆದಮೇಲೂ ಅಂಚೆಯಲ್ಲಿ ಬರುತ್ತಿರುತ್ತವೆ. ಮಗಳ ಮನೆ ವಿಳಾಸ ಸರಿಯಾಗಿ ಬರೆಸಿ. ಜರ್ಮನ್, ಜಪಾನಿ ಭಾಷೆಯ ಬಿಲ್ಲಾದರೆ ಇಂಗ್ಲಿಷ್ ಅನುವಾದ ಬೇಕಾಗುತ್ತದೆ. ಬೋರ್ಡಿಂಗ್ ಪಾಸ್ ಎಸೆಯಬೇಡಿ. ಪಾಸ್‌ಪೋರ್ಟಿಗೆ ಮುದ್ರೆ ಬೀಳದಿದ್ದರೆ ಪ್ರಯಾಣಕ್ಕೆ ಅದೇ ಸಾಕ್ಷಿ.

5. ಬಿಲ್ ಕಂಡಕೂಡಲೇ ಕಟ್ಟಬೇಡಿ. ವಿಮಾ ಕಂಪನಿಯೇ ನೇರವಾಗಿ ಕೊಡುತ್ತದೆಯೇ ಕೇಳಿ. ಕೈಯಿಂದಲೇ ಕಟ್ಟುವಂತಾದರೆ ಅಮೆರಿಕದಲ್ಲಿ ರಿಯಾಯಿತಿ ಕೇಳುವುದು ನಾಚಿಕೆಯ ವಿಷಯವಲ್ಲ, ನಮ್ಮವರು ಸುಮ್ಮನೆ ಸಂಕೋಚಪಡುತ್ತಾರೆ. ಲಾಭರಹಿತ ಆಸ್ಪತ್ರೆಗಳು ತೆರಿಗೆ ವಿನಾಯಿತಿ ಉಳಿಸಿಕೊಳ್ಳಲು ಆರ್ಥಿಕ ನೆರವಿನ ನೀತಿ ಇಟ್ಟುಕೊಂಡಿರಲೇಬೇಕು.

6. ಕ್ಲೇಮ್ ಸಲ್ಲಿಸುವ ಗಡುವು ಪಾಲಿಸಿಯಲ್ಲಿದೆ. ಮೂಲಪ್ರತಿ ಕಳಿಸುವ ಮುಂಚೆ ಒಂದು ಸೆಟ್ ಜೆರಾಕ್ಸ್ ಇಟ್ಟುಕೊಳ್ಳಿ.

7. ತಿರಸ್ಕರಿಸಿದರೆ ಸುಮ್ಮನಾಗಬೇಡಿ. ಯಾವ ಷರತ್ತಿನ ಮೇಲೆ ಎಂದು ಬರವಣಿಗೆಯಲ್ಲಿ ಕೇಳಿ. ಭಾರತದ ಕಂಪನಿಯ ಪಾಲಿಸಿಯಾಗಿದ್ದರೆ ಮೊದಲು ಕಂಪನಿಗೇ ದೂರು ಕೊಡಿ. ಒಂದು ತಿಂಗಳಲ್ಲಿ ಉತ್ತರ ಬಾರದಿದ್ದರೆ ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ದೂರುಗಳನ್ನು ಇತ್ಯರ್ಥ ಮಾಡುವ ವಿಮಾ ಒಂಬುಡ್ಸ್‌ಮನ್ ಬಳಿ ಹೋಗಬಹುದು. ಕರ್ನಾಟಕದವರಿಗೆ ಆ ಕಚೇರಿ ಬೆಂಗಳೂರಿನ ಜೆ.ಪಿ. ನಗರದಲ್ಲಿದೆ. ಶುಲ್ಕವಿಲ್ಲ, ವಕೀಲರೂ ಬೇಡ.