ಇಡೀ ಮನೆಗೆ ಒಂದೇ ತಿಳಿನೀಲಿ

ಎಮಲ್ಷನ್ ಪೇಂಟ್ ಬರುವುದು 1, 4, 10, 20 ಲೀಟರ್ ಅಳತೆಯಲ್ಲಿ. ಡಬ್ಬ ಚಿಕ್ಕದಾದಷ್ಟೂ ಲೀಟರಿನ ರೇಟು ಜಾಸ್ತಿ. ಹಾಲಿಗೊಂದು ಬಣ್ಣ, ರೂಮಿಗೊಂದು ಬಣ್ಣ ಅಂತ ಹೊರಟರೆ ಪ್ರತಿಯೊಂದರಲ್ಲೂ ಒಂದಿಷ್ಟು ಉಳಿದು ಅಟ್ಟ ಸೇರುತ್ತದೆ. ಮಷಿನ್ನಿನಲ್ಲಿ ಕಲಸಿಕೊಟ್ಟದ್ದನ್ನು ಅಂಗಡಿಯವರು ವಾಪಸ್ ತಗೊಳ್ಳುವುದಿಲ್ಲ. ಅದಕ್ಕೇ ಹೋದ ಸಲ ಬಣ್ಣ ಹೊಡೆಸುವಾಗ, ಬೂದು ಬೆರೆತ ತಿಳಿನೀಲಿಯೊಂದೇ ಇಡೀ ಮನೆಗೆ ಸಾಕು ಅಂದೆ.

"ಆಸ್ಪತ್ರೆ ಥರ ಕಾಣಲ್ವೇನ್ರೀ?" ಅಂದಳು ಹೆಂಡತಿ. ನಮ್ಮಜ್ಜಿ ಹಬ್ಬಕ್ಕೆ ಮುಂಚೆ ಸುಣ್ಣಕ್ಕೆ ಚಿಟಿಕೆ ನೀಲಿ ಕಲಸಿ ಹೊಡೆಸುತ್ತಿದ್ದದ್ದೂ ಹೆಚ್ಚುಕಡಿಮೆ ಇದೇ ಬಣ್ಣ ಅಂತ ನೆನಪಿಸಿದೆ.

ಲೆಕ್ಕ ಇಷ್ಟೇ. ಪುಟ್ಟಿ ಹಚ್ಚಿ ತಿಕ್ಕಿದ ಗೋಡೆಗೆ, ಎರಡು ಕೋಟ್ ಹೊಡೆದರೆ ಲೀಟರಿಗೆ ಸುಮಾರು 60 ಚದರಡಿ. ಉದ್ದ, ಅಗಲ, ಎತ್ತರ ಮೂರೂ 10 ಅಡಿಯ ರೂಮಿನಲ್ಲಿ ಗೋಡೆ 400 ಚದರಡಿ. ಬಾಗಿಲು, ಕಿಟಕಿ, ಬೀರು ಕಳೆದರೆ 300ರ ಆಸುಪಾಸು. ಅಂದರೆ 5 ಲೀಟರ್. ಇಂಥ ಎರಡು ರೂಮು, ಒಂದು ದೊಡ್ಡ ಹಾಲು ಸೇರಿದರೆ 20 ಲೀಟರಿನ ಬಕೆಟ್ಟಿಗೆ ಸರಿಹೋಗುತ್ತದೆ. ತಿಳಿಬಣ್ಣಕ್ಕೆ ಬಿಳಿ ಬೇಸ್ ಪೇಂಟಿಗೆ ಬಣ್ಣದ ದ್ರವ ಬೀಳುವುದು ತೀರಾ ಸ್ವಲ್ಪ, ಹಾಗಾಗಿ ಗಾಢ ಬಣ್ಣಕ್ಕಿಂತ ಅಗ್ಗ. ಮುಂದೆ ಮನಸ್ಸು ಬದಲಾದರೂ ಅದರ ಮೇಲೆ ಬೇರೆ ಬಣ್ಣ ಸಲೀಸಾಗಿ ಕೂರುತ್ತದೆ.

ಬಣ್ಣ ಒಂದೇ ಆದರೂ ದರ್ಜೆ ಒಂದೇ ಇರಬೇಕಿಲ್ಲ. ಒಗ್ಗರಣೆಯ ಜಿಡ್ಡು ತಿಳಿನೀಲಿ ಗೋಡೆಗೆ ಕೂತರೆ ಹಳದಿ ತಿರುಗಿ ಎದ್ದು ಕಾಣುತ್ತದೆ. ಅಡುಗೆಮನೆಗೆ ಮತ್ತು ಸ್ವಿಚ್ ಹುಡುಕುತ್ತಾ ಎಲ್ಲರೂ ಕೈಯಿಡುವ ಪ್ಯಾಸೇಜಿಗೆ ಮಾತ್ರ ಅದೇ ಶೇಡ್ ಕೋಡಿನಲ್ಲಿ, ಒರೆಸಿದರೆ ಕಲೆ ಹೋಗುವಂಥ ದುಬಾರಿ ಪೇಂಟ್ ತಂದೆ. ಮಲಗುವ ಕೋಣೆಗೆ ಮಧ್ಯಮದ್ದೇ ಧಾರಾಳ. ಚಾವಣಿಗೆ ಅಗ್ಗದ ಬಿಳಿ. ಅದನ್ನು ಯಾರು ಮುಟ್ಟುತ್ತಾರೆ? ಎಲ್ಲ ಕಡೆ ದುಬಾರಿಯದ್ದನ್ನೇ ಹೊಡೆಸಿ ಅಂತ ಮೇಸ್ತ್ರಿ ಒತ್ತಾಯಿಸಿದರು. ಡಬ್ಬದೊಳಗೆ ಪೇಂಟರುಗಳಿಗೆಂದು ಕಂಪನಿಯವರು ಟೋಕನ್ ಇಟ್ಟಿರುತ್ತಾರೆ ಅನ್ನುವುದು ಗೊತ್ತಿದ್ದರೆ ಇಂಥ ಸಲಹೆಯನ್ನು ತೂಗಿ ನೋಡಬಹುದು. ತಪ್ಪೇನಿಲ್ಲ, ಅದೂ ಅವರ ದುಡಿಮೆಯೇ.

ಉತ್ತರಕ್ಕೆ ಕಿಟಕಿಯಿರುವ ರೂಮಿನಲ್ಲಿ ಮಾತ್ರ ನೀಲಿ ಕಾಣಲೇ ಇಲ್ಲ, ಬರೀ ಮಂಕು ಬೂದು. ವರ್ಷದ ಬಹುಪಾಲು ಅಲ್ಲಿಗೆ ನೇರ ಬಿಸಿಲು ಬೀಳುವುದಿಲ್ಲ. ಸಂಜೆ 6500 ಕೆಲ್ವಿನ್‌ನ ಬಿಳಿ ಬಲ್ಬ್ ಹಾಕಿದರೆ ಇನ್ನಷ್ಟು ಪೇಲವ. ಗೋಡೆ ಮುಟ್ಟದೆ, 3000 ಕೆಲ್ವಿನ್‌ನ ಬೆಚ್ಚನೆ ಬೆಳಕಿನ ಎಲ್‌ಇಡಿ ಹಾಕಿದೆ. ನೂರಿನ್ನೂರು ರೂಪಾಯಿಯಲ್ಲಿ ಕೆಲಸ ಮುಗಿಯಿತು. ಅಂದಹಾಗೆ, ತಂಪು ಬಣ್ಣದಿಂದ ಸೆಕೆ ಕಡಿಮೆಯಾಗುತ್ತದೆ ಅಂತ ಯಾರಾದರೂ ಹೇಳಿದರೆ ನಂಬಬೇಡಿ. ಅದಕ್ಕೆ ತಾರಸಿಗೆ ಬಿಳಿ ಬಳಿಯಬೇಕು.

ಬಾಡಿಗೆ ಮನೆಯಲ್ಲಿರುವವರ ಲೆಕ್ಕ ಬೇರೆ. ಬೆಂಗಳೂರಿನಲ್ಲಿ ಮನೆ ಬಿಡುವಾಗ ಪೇಂಟಿಂಗಿಗೆಂದು ಒಂದು ತಿಂಗಳ ಬಾಡಿಗೆಯನ್ನು ಅಡ್ವಾನ್ಸಿನಲ್ಲಿ ಮುರಿದುಕೊಳ್ಳುವ ರೂಢಿಯಿದೆ. ನಿಮ್ಮ ಅಗ್ರಿಮೆಂಟಿನಲ್ಲಿ ಹಾಗೆ ಬರೆದಿದ್ದರೆ, ಕೈಯಿಂದ ದುಡ್ಡು ಹಾಕಿ ಬಣ್ಣ ಹೊಡೆಸುವ ಮೊದಲೇ ಮಾಲೀಕರ ಹತ್ತಿರ ಕೂತು ಮಾತಾಡಿ ಆ ಷರತ್ತು ಹೊಡೆದುಹಾಕಿಸಿ.