ಹೊಟ್ಟೆಯ ಮೇಲಿನ ನೀಲಿ ಕಲೆ

ಪ್ರಶ್ನೆ: ನಾನೀಗ ಆರು ತಿಂಗಳ ಗರ್ಭಿಣಿ. ಎರಡು ವರ್ಷದ ಹಿಂದೆ ಕಾಲಿನ ರಕ್ತನಾಳದಲ್ಲಿ ಹೆಪ್ಪುಗಟ್ಟಿತ್ತು. ಹಾಗಾಗಿ ದಿನಾ ಹೊಟ್ಟೆಗೆ 40 ಮಿ.ಗ್ರಾಂ. ಎನೋಕ್ಸಪಾರಿನ್ ಇಂಜೆಕ್ಷನ್. ಹೊಟ್ಟೆಯೆಲ್ಲ ನೀಲಿಗಟ್ಟಿದೆ. ‘ಕೂಸಿಗೇ ಚುಚ್ಚಿದ ಹಾಗಿದೆ’ ಎಂದು ಅತ್ತೆ ಕಣ್ಣೀರಿಡುತ್ತಾರೆ. ಕಳೆದ ವಾರ ಯಾರಿಗೂ ಹೇಳದೆ ಎರಡು ದಿನ ಬಿಟ್ಟೆ. ತಪ್ಪು ಮಾಡಿದೆನೇ?

ಉತ್ತರ: ಬಸುರಿ ಹೊಟ್ಟೆಗೆ ಸೂಜಿ ಹಿಡಿಯುವಾಗ ಯಾರ ಕೈಯಾದರೂ ನಡುಗುತ್ತದೆ. ನೀವು ಬಿಟ್ಟಿದ್ದು ಅಸಡ್ಡೆಯಿಂದಲ್ಲ, ಮಗುವಿನ ಮೇಲಿನ ಕಕ್ಕುಲಾತಿಯಿಂದ. ಅದಕ್ಕಾಗಿ ನಿಮ್ಮನ್ನು ನೀವೇ ಹಳಿದುಕೊಳ್ಳಬೇಡಿ. ಆದರೆ ಇನ್ನೊಮ್ಮೆ ಬಿಡಲೂ ಬೇಡಿ.

ಆ ಪುಟ್ಟ ಸೂಜಿ ಇಳಿಯುವುದು ಚರ್ಮದಡಿಯ ಕೊಬ್ಬಿನವರೆಗೆ ಮಾತ್ರ. ಔಷಧಿಯೂ ಮಾಸು ದಾಟಿ ಮಗುವನ್ನು ಮುಟ್ಟುವುದಿಲ್ಲ. ಹೆಪ್ಪು ತಡೆಯುವ ವಾರ್ಫರಿನ್ ಮಾತ್ರೆಯಾದರೆ ದಾಟುತ್ತದೆ. ಬಸುರಿಯರಿಗೆ ವೈದ್ಯರು ಸಾಮಾನ್ಯವಾಗಿ ಮಾತ್ರೆ ಬಿಟ್ಟು ಸೂಜಿ ಬರೆಯುವುದು ಅದಕ್ಕೇ. ಬಸುರಿನಲ್ಲಿ ರಕ್ತ ಹೆಪ್ಪುಗಟ್ಟುವ ಗುಣ ಸಹಜವಾಗಿಯೇ ಹೆಚ್ಚು. ಕಾಲಲ್ಲಿ ಮತ್ತೆ ಹೆಪ್ಪುಗಟ್ಟಿ ಅದು ಶ್ವಾಸಕೋಶಕ್ಕೆ ಹೋದರೆ ನಿಮ್ಮ ಜೀವಕ್ಕೇ ಅಪಾಯ. ದಿನದ ಈ ಚುಚ್ಚು ನಿಮ್ಮಿಬ್ಬರಿಗೂ ಕಾವಲು.

ನೀಲಿ ಕಲೆ ಹೆಚ್ಚಿನವರಿಗೆ ಆಗುತ್ತದೆ. ಹೊಕ್ಕುಳಿಂದ ಎರಡು ಇಂಚು ದೂರ, ಪಕ್ಕೆಯ ಕಡೆ ಚರ್ಮವನ್ನು ಮಡಿಕೆಯಾಗಿ ಹಿಡಿದು ಸೂಜಿ ನೇರ ಇಳಿಸಿ. ಹೊರತೆಗೆಯುವವರೆಗೂ ಮಡಿಕೆ ಬಿಡಬೇಡಿ. ಇಂದು ಎಡಕ್ಕಾದರೆ ನಾಳೆ ಬಲಕ್ಕೆ. ಸಿರಿಂಜಿನ ಗಾಳಿಗುಳ್ಳೆ ಹಾಗೇ ಇರಲಿ. ನೋವಾದ ಕಡೆ ಉಜ್ಜುವುದು ನಮ್ಮ ಕೈಗಂಟಿದ ಅಭ್ಯಾಸ. ಇಲ್ಲಿ ಮಾತ್ರ ಉಜ್ಜಬೇಡಿ, ಕಲೆ ಹರಡುತ್ತದೆ.

ಅಪಾಯವೇ ಇಲ್ಲ ಎಂದು ಹೇಳಲಾರೆ. ರಕ್ತಸ್ರಾವವಾಗಬಹುದು, ಅಪರೂಪಕ್ಕೆ ಪ್ಲೇಟ್‌ಲೆಟ್ ಇಳಿಯಬಹುದು. ಮೂಗು-ಒಸಡಿನ ರಕ್ತ ನಿಲ್ಲದಿದ್ದರೆ, ಮಲ ಕಪ್ಪಾದರೆ, ಕೆಳಗೆ ರಕ್ತ ಕಂಡರೆ, ಜೋರಾಗಿ ಬಿದ್ದು ಪೆಟ್ಟಾದರೆ ಆಸ್ಪತ್ರೆಗೆ ಹೋಗಿ. ಕಾಲು ಊದಿ ನೋಯುವುದೂ ಕಾಯುವ ವಿಷಯವಲ್ಲ. ಏದುಸಿರು, ಎದೆನೋವು ಬಂದರೆ 108ಕ್ಕೆ ಕರೆ ಮಾಡಿ. ಮೆಡಿಕಲ್ ಶಾಪಿನಿಂದ ನೋವಿನ ಮಾತ್ರೆ ತಂದು ನುಂಗಬೇಡಿ. ಹೆರಿಗೆ ನೋವು ಶುರುವಾಯಿತೆನಿಸಿದರೆ ಅಂದಿನ ಸೂಜಿಗೆ ಮೊದಲು ಆಸ್ಪತ್ರೆಗೆ ಫೋನ್ ಮಾಡಿ. ನಿಮ್ಮ ಈ ಡೋಸಿನ ನಂತರ ಕನಿಷ್ಠ 12 ತಾಸು ಕಳೆಯದೆ ಬೆನ್ನಿಗೆ ಅರಿವಳಿಕೆ ಕೊಡುವುದಿಲ್ಲ.

ಬಿಟ್ಟುಹೋದ ಆ ಎರಡು ದಿನಕ್ಕೆ ಸೇರಿಸಿ ಡಬಲ್ ಡೋಸ್ ಬೇಡ. ವೈದ್ಯರಿಗೆ ಇವತ್ತೇ ಫೋನ್ ಮಾಡಿ ಹೇಳಿಬಿಡಿ. ಅವರಿಗೆ ಇದು ಹೊಸದಲ್ಲ. ಮುಂದಿನ ತಪಾಸಣೆಗೆ ಅತ್ತೆಯನ್ನೂ ಕರೆದೊಯ್ಯಿರಿ. ಮಗುವಿನ ಎದೆಬಡಿತ ಕೇಳಲಿ, ಆಮೇಲೆ ತಮ್ಮ ಪ್ರಶ್ನೆಯನ್ನು ಡಾಕ್ಟರಿಗೆ ತಾವೇ ಕೇಳಲಿ.