ಹದಿನೇಳು ಪಟ್ಟು ಬಿಟ್‌ಗಳ ಬಾಬತ್ತು

3,800 ರೂಪಾಯಿ ಕೊಟ್ಟು ತರಿಸಿಕೊಂಡ ಯುಎಸ್‌ಬಿ ರಿಸೀವರ್ ಬೋರ್ಡು ತಾನಾಗಿ ಒಂದು ಸ್ವರವನ್ನೂ ಹೊರಡಿಸುವುದಿಲ್ಲ. ಲ್ಯಾಪ್‌ಟಾಪ್ ಕೊಟ್ಟ ಬಿಟ್‌ಗಳನ್ನು ಐಟುಎಸ್ ಎಂಬ ಡಿಜಿಟಲ್ ರೂಪದಲ್ಲಿ ಮುಂದಕ್ಕೆ ದಾಟಿಸುವುದಷ್ಟೇ ಅದರ ಕೆಲಸ. ಹಾಡು ಕೇಳಬೇಕೆಂದರೆ ಅದರ ಬೆನ್ನಿಗೆ ಬಿಟ್‌ಗಳನ್ನು ಸ್ವರವಾಗಿಸುವ ಡಿಎಸಿ ಬೋರ್ಡು (950), ಲೀನಿಯರ್ ಪವರ್ ಸಪ್ಲೈ (1,600), ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಹುಡುಕಿ ತಂದ ಡಬ್ಬಿ, ಆರ್‌ಸಿಎ ಸಾಕೆಟ್, ವೈರು (750). ಚಾರ್ಜರ್ ಸಿಕ್ಕಿಸಿದೊಡನೆ ಸ್ಪೀಕರ್ ಗುಂಯ್ಗುಡುತ್ತದೆಂದು ಯುಎಸ್‌ಬಿ ಐಸೊಲೇಟರ್ (1,100). ಒಟ್ಟು 8,200.

ಐಸೊಲೇಟರ್ ಹಾಕಿದ ಮೇಲೆ ಹಮ್ ಹೋಯಿತು. ಅದರ ಜೊತೆಗೇ, ಯಾವುದನ್ನು ನೋಡಿ ಬೋರ್ಡು ಕೊಂಡೆನೋ ಆ 384 ಕಿಲೋಹರ್ಟ್ಸ್ ಕೂಡ ಹೋಯಿತು. ಲೆಕ್ಕ ಹಾಕಿ ನೋಡಿ. 384 ಕಿಲೋಹರ್ಟ್ಸ್, 32 ಬಿಟ್, ಎರಡು ಚಾನೆಲ್: 3,84,000 × 32 × 2 = ಸೆಕೆಂಡಿಗೆ 2,45,76,000 ಬಿಟ್. ನನ್ನ ಐಸೊಲೇಟರ್ ಫುಲ್ ಸ್ಪೀಡ್‌ನದು, ಅಂದರೆ 12 ಮೆಗಾಬಿಟ್‌ನ ದಾರಿ. ಇಪ್ಪತ್ತನಾಲ್ಕೂವರೆ ಅದರಲ್ಲಿ ತೂರುವುದಿಲ್ಲ. ಸರಿ, ತೂರಬೇಕಿತ್ತೇ? ನನ್ನಲ್ಲಿರುವುದೆಲ್ಲ ಸಿ.ಡಿ.ಯಿಂದ ಇಳಿಸಿಕೊಂಡ ಹಾಡುಗಳು: 44,100 × 16 × 2 = 14,11,200 ಬಿಟ್. ಬೇಕಾದ್ದರ ಹದಿನೇಳು ಪಟ್ಟಿಗೆ ದುಡ್ಡು ಕಟ್ಟಿದಂತಾಯಿತು. ಈ ಹದಿನಾಲ್ಕು ಲಕ್ಷ ಬಿಟ್‌ಗೆ ಪಿಸಿಎಂ2704 ಚಿಪ್ಪಿನ ಹಳೆಯ ಬೋರ್ಡು ಧಾರಾಳ. 16 ಬಿಟ್, 48 ಕಿಲೋಹರ್ಟ್ಸ್‌ವರೆಗೆ, ಡಿಎಸಿ ಒಳಗೇ ಇದೆ, ಕರೆಂಟು ಯುಎಸ್‌ಬಿಯಿಂದಲೇ, ಡ್ರೈವರ್ ಹಾಕುವ ತಾಪತ್ರಯವಿಲ್ಲ. ಐನೂರರ ಆಸುಪಾಸಿನಲ್ಲಿ ಸಿಗುತ್ತಿತ್ತು. ಮಿಕ್ಕ 7,700 ಯಾವ ಹಾಡೂ ತುಂಬದ ಬಿಟ್‌ಗಳಿಗೆ. ಹಮ್ಮಿನ ಮಾತಿಗೆ ಬಂದರೆ, ಚಾರ್ಜರ್ ಕಿತ್ತು ಬ್ಯಾಟರಿಯ ಮೇಲೆ ಓಡಿಸಿದರೆ ಅದು ಪುಕ್ಕಟೆಯಾಗಿಯೇ ಹೋಗುತ್ತದೆ.

ಆದರೂ ಬೆಸುಗೆ ಹಾಕುತ್ತ ಕಳೆದ ಭಾನುವಾರಗಳಿಗೆ ನನ್ನ ತಕರಾರಿಲ್ಲ. ತಕರಾರಿರುವುದು 18,000ದ ಸಿದ್ಧ ಡಿಎಸಿಯನ್ನು ‘ನೋ ಕಾಸ್ಟ್ ಇಎಂಐ’ಯಲ್ಲಿ ಕೈಗಿಡಲು ಬಂದವರ ಮೇಲೆ. ಬಡ್ಡಿಯೇ ಇಲ್ಲವೆಂದ ಮೇಲೆ ಬಡ್ಡಿಯ ಮೇಲಿನ 18% ಜಿಎಸ್‌ಟಿ ಕಾರ್ಡಿನ ಬಿಲ್ಲಿಗೆ ಎಲ್ಲಿಂದ ಬರುತ್ತದೆ? ಪ್ರೊಸೆಸಿಂಗ್ ಫೀ ಬೇರೆ. ಶೂನ್ಯ ಬಡ್ಡಿಯ ಇಂಥ ಆಟವನ್ನು ರಿಸರ್ವ್ ಬ್ಯಾಂಕ್ 2013ರಲ್ಲೇ ಬ್ಯಾಂಕುಗಳಿಗೆ ಬೇಡವೆಂದಿತ್ತು. ಬಡ್ಡಿಯನ್ನು ಡಿಸ್ಕೌಂಟಿನ ಹೆಸರಲ್ಲಿ ಅಡಗಿಸಿ ಅದೇ ಆಟ ನಡೆದಿದೆ. ಅದರ ಹತ್ತಿರವೂ ಸುಳಿಯಬೇಡಿ.

ಇನ್ನೊಂದು. ಈ 8,200 ಒಂದೇ ಸಲ ಕೈಬಿಟ್ಟಿದ್ದರೆ ಮನೆಯಲ್ಲಿ ಪ್ರಶ್ನೆ ಏಳುತ್ತಿತ್ತು, ನನ್ನೊಳಗೂ ಏಳುತ್ತಿತ್ತು. ಬಿಡಿಬಿಡಿಯಾಗಿ ಯುಪಿಐಯಲ್ಲಿ ಜಾರಿದ್ದು ಯಾರ ಕಣ್ಣಿಗೂ ಬೀಳಲಿಲ್ಲ. ಹವ್ಯಾಸಕ್ಕೊಂದು ಪುಟ ತೆರೆಯಿರಿ; ಆರ್ಡರ್ ಒತ್ತುವ ಮೊದಲು ಬರೆಯಿರಿ, ಒತ್ತಿದ ಮೇಲಲ್ಲ. ಅದಕ್ಕೂ ಮೊದಲು ನಿಮ್ಮ ಹಾಡಿನ ಫೈಲುಗಳ ಸ್ಯಾಂಪಲ್ ರೇಟ್ ನೋಡಿಕೊಳ್ಳಿ. 44.1 ಎಂದಿದ್ದರೆ ಉಳಿದ ದುಡ್ಡು ಸ್ಪೀಕರಿಗೆ ಹೋಗಲಿ. ಐಸೊಲೇಟರ್ ಬೇಕೆನ್ನುವವರಿಗೆ ನನ್ನದು ಆರುನೂರಕ್ಕೆ ಕೊಡಲು ಸಿದ್ಧ.